ಕತೆ ಮೊದಲೋ, ಪೋಸ್ಟರ್ ಮೊದಲೋ?

ಕಳೆದ ತಿಂಗಳು ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಒಂದು ಕತೆ ಬರೀತಿದ್ದೀನಿ. ಮೊದಲು ಇನ್‌ಸ್ಟಾಗ್ರಾಮ್ ಪೇಜ್ ಮಾಡ್ಲಾ, ಕತೆ ಮುಗಿಸ್ಲಾ?" ಎಂದು ಕೇಳಿದಳು. "ಕತೆ ಮುಗಿಸಮ್ಮಾ" ಎಂದು ಹೇಳಿ ಕಳಿಸಿಬಿಟ್ಟೆ. ಅವಳು ಹೋದ ಮೇಲೆ ನನಗೇ ಮುಜುಗರವಾಯಿತು. ನಾನು ಆ ಮಾತನ್ನು ಪಾಲಿಸಿದವನಲ್ಲ.

ಕೆಲವು ವರ್ಷಗಳ ಹಿಂದೆ ಹತ್ತು ಕತೆಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿದೆ. ಒಬ್ಬ ಪ್ರಕಾಶಕರು ಕಥಾಸಂಕಲನ ಓಡುವುದಿಲ್ಲ ಎಂದರು. ಇನ್ನೊಬ್ಬರು ಅರ್ಧ ಪ್ರತಿಗಳನ್ನು ನೀವೇ ಕೊಳ್ಳಬೇಕು ಎಂದರು. ಕೊನೆಗೆ ಕೈಯಿಂದ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದೆ. ಬೆಲೆ 100 ರೂಪಾಯಿ. ಅಚ್ಚಿಗೆ ಪ್ರತಿಯೊಂದಕ್ಕೆ 45 ರೂಪಾಯಿ ಬಿತ್ತು, ಅಂಗಡಿಯವರು 40 ಹಿಡಿದುಕೊಂಡರು. ಉಳಿದ 15 ರೂಪಾಯಿಯಲ್ಲಿ ಬಂಡಲ್ ಸಾಗಿಸಿದ ಆಟೋ ಬಾಡಿಗೆಯೂ ಬರಬೇಕು. (ಅಕೌಂಟೆನ್ಸಿ ಓದುವವರು ಲಾಭ ಎಷ್ಟೆಂದು ನೀವೇ ಹೇಳಿ.) ದಾಸರಹಳ್ಳಿಯ ನಮ್ಮ ಮನೆಯ ಮಂಚದ ಕೆಳಗೆ ಬಂಡಲ್‌ಗಳು ಬಂದು ಕೂತವು. ಕಸ ಗುಡಿಸುವಾಗಲೆಲ್ಲ ಅಮ್ಮಿ, "ಇವು ಯಾವಾಗ ಎದ್ದು ಹೋಗ್ತವೆ?" ಎಂದು ಕೇಳುತ್ತಿದ್ದರು.

ಹಾಗಾಗಿ ಮಾರಲು ಹೊರಟೆ. ಪೀಣ್ಯದಲ್ಲಿ ನವೆಂಬರ್ ಬಂತೆಂದರೆ ಕಾರ್ಖಾನೆ, ಆಟೋ ಸ್ಟ್ಯಾಂಡ್, ಗಲ್ಲಿ ಗಲ್ಲಿಯಲ್ಲೂ ರಾಜ್ಯೋತ್ಸವ. ಒಂದು ಸಣ್ಣ ಕಾರ್ಖಾನೆಯ ಸಮಾರಂಭದಲ್ಲಿ ಮೇಜು ಹಾಕಿಕೊಂಡು ಕೂತೆ, 23 ಪ್ರತಿ ಹೋದವು. ಎರಡು ವಾರದ ನಂತರ ಅಲ್ಲಿನ ಟರ್ನರ್ ಒಬ್ಬರು ಫೋನ್ ಮಾಡಿ, "ಸರ್, ನಿಮ್ಮ ಮೂರನೇ ಕತೇಲಿ ಹುಡುಗ ಚಕ್‌ನಲ್ಲೇ ಚಕ್ ಕೀ ಬಿಟ್ಟು ಲೇತ್ ಆನ್ ಮಾಡ್ತಾನೆ, ಏನೂ ಆಗಲ್ಲ. ನಿಜವಾಗಿ ಹಾಗೆ ಮಾಡಿದ್ರೆ ಕೀ ಹಾರಿ ಮುಖಕ್ಕೆ ಬೀಳುತ್ತೆ. ಕೆಲಸ ಕಲಿಯೋಕೆ ಬಂದ ಮೊದಲ ದಿನವೇ ಇದನ್ನ ಹೇಳಿಕೊಡ್ತಾರೆ" ಎಂದರು. ನಾಚಿಕೆಯಾಯಿತು. ನನ್ನ ಅಬ್ಬಾ ಮೂವತ್ತು ವರ್ಷ ಪೀಣ್ಯದಲ್ಲಿ ಲೇತ್ ಓಡಿಸಿದವರು. ಅಚ್ಚಿಗೆ ಕೊಡುವ ಮೊದಲು ಅವರಿಗೆ ಒಂದು ಸಲವೂ ಓದಿ ಹೇಳಿರಲಿಲ್ಲ. ಆದ್ದರಿಂದ ಪುಸ್ತಕ ಹೊತ್ತು ಮಾರುವುದು ಲೇಖಕನಿಗೆ ತಕ್ಕುದಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಮೇಜಿನ ಮುಂದೆ ಕೂರದಿದ್ದರೆ ಆ ಫೋನ್ ಬರುತ್ತಿರಲಿಲ್ಲ.

ಕನ್ನಡದಲ್ಲಿ ಇದೇನೂ ಹೊಸದಲ್ಲ. ಹಾವೇರಿ ಸೀಮೆಯ ಗಳಗನಾಥರು ಊರಿಂದೂರಿಗೆ ನಡೆದು, ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಮಾರಿದವರು. ಜಿ.ಪಿ. ರಾಜರತ್ನಂ ಅವರೂ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಓಡಾಡಿದರು. ನಮ್ಮ ಕಾಲದಲ್ಲಿ, ಇದೇ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಸುಧೇಂದ್ರ ಅವರು ಛಂದ ಪುಸ್ತಕ ಪ್ರಕಾಶನ ಕಟ್ಟಿದರು. ತಮ್ಮದರ ಜೊತೆಗೆ ಮೊದಲ ಪುಸ್ತಕದ ಹೊಸಬರನ್ನೂ ಅಲ್ಲಿ ಪ್ರಕಟಿಸಿದರು.

ನನಗೆ ಹೆಚ್ಚು ಹತ್ತಿರವಾದದ್ದು ಸಾರಾ ಅಬೂಬಕ್ಕರ್ ಅವರ ದಾರಿ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದವರು. ಮಕ್ಕಳು, ಸಂಸಾರ ಎಲ್ಲ ಒಂದು ಹದಕ್ಕೆ ಬಂದ ಮೇಲೆ, ನಲವತ್ತು ದಾಟಿದ ನಂತರ ಬರೆಯಲು ಕೂತರು. 'ಚಂದ್ರಗಿರಿಯ ತೀರದಲ್ಲಿ' ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಆಮೇಲೆ ಪುಸ್ತಕವಾಯಿತು. ವಿರೋಧ ಬಂತು, ಓದುಗರೂ ಬಂದರು. ಅವರು ತಮ್ಮದೇ ಚಂದ್ರಗಿರಿ ಪ್ರಕಾಶನ ಆರಂಭಿಸಿದ್ದು 1994ರಲ್ಲಿ. ಅಂದರೆ ಮೊದಲ ಕಾದಂಬರಿಯಾಗಿ ಹತ್ತು ವರ್ಷದ ಮೇಲೆ, ಕೈಯಲ್ಲಿ ಒಂದಿಷ್ಟು ಪುಸ್ತಕಗಳು ಇದ್ದಾಗ. ಅಂಗಡಿ ಇಡುವ ಹೊತ್ತಿಗೆ ಅವರ ಬಳಿ ಸರಕು ಇತ್ತು!

ನಿಸಾರ್ ಅಹಮದ್ ಅವರದ್ದು ಬೇರೆ ಬಗೆ. ದೇವನಹಳ್ಳಿಯಲ್ಲಿ ಹುಟ್ಟಿದವರು, ಭೂವಿಜ್ಞಾನದ ಅಧ್ಯಾಪಕರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್. ಪುಸ್ತಕ ಹೋಗದ ಕಡೆಗೆಲ್ಲ ಕ್ಯಾಸೆಟ್ ಹೋಯಿತು. ಅಕ್ಷರ ಬಾರದ ನಮ್ಮ ದಾದಿಗೂ ಆ ಹಾಡು ಗೊತ್ತಿತ್ತು. ಆದರೆ ಕವಿ ಕ್ಯಾಸೆಟ್‌ಗಾಗಿ ಕವಿತೆ ಬರೆದಿರಲಿಲ್ಲ. ಕವಿತೆ ಮೊದಲೇ ಇತ್ತು, ಹಾಡುವವರು ಅದನ್ನು ಹೊತ್ತೊಯ್ದರು. ಇಂದಿನ ರೀಲ್‌ಗೂ ಅದೇ ಕೆಲಸ ಕೊಡಬಹುದು, ನನ್ನ ತಕರಾರಿಲ್ಲ.

ಬಾನು ಮುಷ್ತಾಕ್ ಅವರ ಹೆಸರು ನಿಮಗೆಲ್ಲ ಗೊತ್ತೇ ಇದೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಇಡೀ ದಿನ ಅದೇ ಸುದ್ದಿ. ಅದರಲ್ಲಿರುವುದು 12 ಕತೆ. ಅವು ಬರೆದದ್ದು 1990ರಿಂದ 2023ರವರೆಗೆ. ಫೋಟೋ ಎಲ್ಲರೂ ಹಂಚಿಕೊಂಡರು. ಆ ಮೂವತ್ತಮೂರು ವರ್ಷದ ಬಗ್ಗೆ ಯಾರೂ ಮಾತಾಡಲಿಲ್ಲ, ನಾನೂ ಸೇರಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೇಜು ಹಾಕಿ ಮಾರಿದ್ದು ತಪ್ಪಲ್ಲ. ಆಮೇಲೆ ಒಂದು ಪೇಜ್ ಮಾಡಿದೆ. ದಿನವೂ ಏನಾದರೂ ಹಾಕಬೇಕು, ಇಲ್ಲದಿದ್ದರೆ ಜನ ಮರೆಯುತ್ತಾರೆ ಎಂದು ಯಾರೋ ಹೇಳಿದರು. ಆಗ ಅಬ್ಬಾರ ಬದುಕನ್ನಿಟ್ಟುಕೊಂಡು ಒಂದು ದೊಡ್ಡ ಕತೆ ಬರೆಯುತ್ತಿದ್ದೆ: ಕಾರ್ಖಾನೆ ಮುಚ್ಚಿದ ದಿನ ಅವರು ತಮ್ಮ ವರ್ನಿಯರ್ ಕ್ಯಾಲಿಪರ್ ಅನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದದ್ದು. ಅದನ್ನೇ ತುಂಡು ತುಂಡಾಗಿ ಹಾಕತೊಡಗಿದೆ. ಲೈಕ್ ಬಂದವು. ಮುಂದಿನ ತುಂಡನ್ನು ಲೈಕ್ ಬರುವ ಹಾಗೆ ಬರೆದೆ. ಪ್ರತಿ ತುಂಡಿನ ಕೊನೆಗೆ ಕಣ್ಣೀರೋ ತಿರುವೋ ಬೇಕಾಯಿತು. ಅಬ್ಬಾ ಹಾಗೆ ಅಳುವ ಮನುಷ್ಯರೇ ಅಲ್ಲ. ಒಂಬತ್ತು ತುಂಡುಗಳನ್ನು ಜೋಡಿಸಲು ಕೂತಾಗ ಒಂದಕ್ಕೊಂದು ಕೂಡಲಿಲ್ಲ. ಅದರಲ್ಲಿದ್ದವರು ನನ್ನ ಅಬ್ಬಾ ಆಗಿರಲಿಲ್ಲ, ಯಾರೋ ಸಿನಿಮಾದ ತಂದೆ. ಎರಡು ವರ್ಷ ಹೊಸ ಸಾಲು ಬರೆಯಲಿಲ್ಲ. ಪೇಜ್ ಮಾತ್ರ ಚೆನ್ನಾಗಿ ನಡೆಯುತ್ತಿತ್ತು.

ಒಂದು ಸಂಜೆ ಅಬ್ಬಾ ಕೇಳಿದರು: "ನನ್ನ ಬಗ್ಗೆ ಏನೋ ಬರೀತಿದ್ದೀಯಂತೆ. ಮುಗೀತಾ ಬೇಟಾ?" ಫೋನಿನಲ್ಲಿ ಊರಿನವರೆಲ್ಲ ಓದಿದ್ದರು. ಕನ್ನಡ ಓದಲು ಬಾರದ ಅವರಿಗೆ ಮಾತ್ರ ತಲುಪಿರಲಿಲ್ಲ.

ಈಗ ಹೀಗೆ ಮಾಡಿಕೊಂಡಿದ್ದೇನೆ. ಫಜರ್ ನಮಾಜಿನ ನಂತರದ ಒಂದು ಗಂಟೆ ಬರವಣಿಗೆಗೆ. ಫೋನ್ ಅಡುಗೆಮನೆಯಲ್ಲಿರುತ್ತದೆ. ಮಾರುವುದು, ಪೋಸ್ಟ್ ಹಾಕುವುದು, ಅಂಗಡಿಗೆ ಫೋನ್ ಮಾಡುವುದು ಭಾನುವಾರ ಮಧ್ಯಾಹ್ನ. ಮುಗಿಯದ ಬರಹವನ್ನು ಎಲ್ಲಿಯೂ ಹಾಕುವುದಿಲ್ಲ. ಕೆಲವು ವಾರ ಈ ಏರ್ಪಾಡು ತಪ್ಪುತ್ತದೆ, ಪರೀಕ್ಷೆಯ ಮೌಲ್ಯಮಾಪನದ ಕಾಲದಲ್ಲಂತೂ ಪೂರ್ತಿ ತಪ್ಪುತ್ತದೆ.

ನಿಮಗೆ ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ. ಸಾಮಾನ್ಯವಾಗಿ ಪತ್ರಿಕೆಗಳೂ ಕಥಾಸ್ಪರ್ಧೆಗಳೂ ಎಲ್ಲಿಯೂ ಪ್ರಕಟವಾಗದ ಕತೆಯನ್ನೇ ಕೇಳುತ್ತವೆ. ಜಾಲತಾಣದಲ್ಲಿ ಹಾಕಿದ್ದನ್ನೂ ಪ್ರಕಟವಾದದ್ದೆಂದೇ ಲೆಕ್ಕ ಹಿಡಿಯುವವರಿದ್ದಾರೆ. ಆದ್ದರಿಂದ ಕಳಿಸುವ ಮೊದಲು ನಿಯಮ ಓದಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥ ಕಡೆ ನಿಮಗೆಷ್ಟು ಫಾಲೋವರ್ಸ್ ಇದ್ದಾರೆಂದು ಯಾರೂ ಕೇಳುವುದಿಲ್ಲ. ಮುಂದೆ ಪುಸ್ತಕದ ಹೊತ್ತು ಬಂದರೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಸಹಾಯಧನದ ಯೋಜನೆ ಇದೆ. ಕೈಯಿಂದ ದುಡ್ಡು ಹಾಕುವ ಮೊದಲು ಅದನ್ನು ವಿಚಾರಿಸಿ. ನಾನು ವಿಚಾರಿಸಿರಲಿಲ್ಲ.

ಆ ವಿದ್ಯಾರ್ಥಿನಿ ಮೊನ್ನೆ ಮತ್ತೆ ಬಂದಳು. ಈ ಸಲ ನೋಟ್‌ಬುಕ್ ಕೊಟ್ಟು ಹೋಗಿದ್ದಾಳೆ, ಹದಿನಾಲ್ಕು ಪುಟ. ಮೊದಲ ಪುಟದಲ್ಲಿ ಖಾಲಾ ಹೆಸರು ಒಂದು, ಐದನೇ ಪುಟದಲ್ಲಿ ಇನ್ನೊಂದು. ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೇನೆ, ಸೋಮವಾರ ಬಂದು ತೆಗೆದುಕೊಂಡು ಹೋಗಲಿ. ಅಬ್ಬಾರ ಕತೆಯನ್ನು ನಾನೂ ಮೊದಲಿನಿಂದ ಶುರುಮಾಡಿದ್ದೇನೆ. ರಾತ್ರಿ ಊಟದ ನಂತರ ಆ ದಿನದ ಪುಟವನ್ನು ಅವರಿಗೆ ಓದಿ ಹೇಳುತ್ತೇನೆ. ನಿನ್ನೆ ಅರ್ಧಕ್ಕೇ ನಿಲ್ಲಿಸಿ, "ಕರವಸ್ತ್ರ ಅಲ್ಲ, ಬನಿಯನ್ ಬಟ್ಟೆ. ವೇಸ್ಟ್ ಬಟ್ಟೆ" ಎಂದರು. ತಿದ್ದಿಕೊಂಡೆ.