ಮಾತ್ರೆ ಪುಡಿ ಮಾಡುವ ಮುನ್ನ…

ಮಾವನವರಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಮನೆಯಲ್ಲೇ ನುಂಗುವ ಕೀಮೋ ಮಾತ್ರೆ ಬರೆದುಕೊಟ್ಟಿದ್ದರು. ಕೆಪೆಸಿಟಬಿನ್ ಅಂತ ಹೆಸರು. ಬೆಳಿಗ್ಗೆ, ರಾತ್ರಿ ಊಟವಾಗಿ ಅರ್ಧ ಗಂಟೆಯೊಳಗೆ ಕೊಡಬೇಕು. ಅವರಿಗೋ ದಪ್ಪ ಮಾತ್ರೆ ಕಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಭಯ. ಇಂಥ ಹೊತ್ತಲ್ಲಿ ನಾವು ಹೆಂಗಸರು ಏನು ಮಾಡ್ತೀವಿ ಹೇಳಿ? ಮಕ್ಕಳಿಗೆ ಜ್ವರದ ಮಾತ್ರೆ ಕೊಡುವ ಹಾಗೆ ಎರಡು ಚಮಚದ ನಡುವೆ ಇಟ್ಟು ಒತ್ತಿ, ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ಕೊಡುವುದು. ನಾನೂ ಹತ್ತು ದಿನ ಅದನ್ನೇ ಮಾಡಿದೆ.

ನನ್ನ ನಾದಿನಿ ಬೇರೆ ಊರಿನಲ್ಲಿ ಕ್ಯಾನ್ಸರ್ ವಾರ್ಡಿನ ಸ್ಟಾಫ್ ನರ್ಸ್. ಅಪ್ಪನನ್ನು ನೋಡಲು ರಜೆ ಹಾಕಿ ಬಂದವಳು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತಿಗೆ, ಏನ್ ಮಾಡ್ತಿದೀರಾ? ಇಡಿ ಅದನ್ನ ಕೆಳಗೆ. ಮೊದಲು ಸೋಪು ಹಾಕಿ ಕೈ ತೊಳ್ಕೊಳ್ಳಿ."

"ನಿಮ್ಮಪ್ಪಂಗೆ ಮಾತ್ರೆ ಕಣೇ."

"ಅಪ್ಪಂಗೆ ಬರೆದಿದ್ದು. ನೀವ್ಯಾಕೆ ತಗೋತಿದೀರಾ? ಆ ಪುಡಿ ಹಾರುತ್ತಲ್ಲ, ನಿಮ್ಮ ಮೂಗಿಗೆ ಹೋಗಲ್ವಾ?"

ಕೆಲವು ದಿನದಿಂದ ನನಗೆ ಕಣ್ಣುರಿ, ತಲೆನೋವು ಇತ್ತು. ನಿದ್ದೆಗೆಟ್ಟಿದ್ದಕ್ಕೆ ಎಂದುಕೊಂಡಿದ್ದೆ. ಮಾತ್ರೆಯಿಂದಲೇ ಬಂತು ಎಂದು ನಾನು ಹೇಳಲಾರೆ. ಆದರೆ ಈ ಮಾತ್ರೆ ಪುಡಿ ಮಾಡಿದವರಿಗೆ ಕಣ್ಣುರಿ, ಚರ್ಮದ ಮೇಲೆ ಗುಳ್ಳೆ, ತಲೆನೋವು, ವಾಂತಿ ಬಂದದ್ದುಂಟು ಎಂದು ಔಷಧಿಯ ಮಾಹಿತಿಯಲ್ಲೇ ಬರೆದಿರುತ್ತದಂತೆ. ಆ ಸಣ್ಣ ಅಕ್ಷರದ ಚೀಟಿಯನ್ನು ನಾವು ಯಾವತ್ತು ಬಿಡಿಸಿ ಓದಿದ್ದೇವೆ? ಔಷಧಿ ಕೌಂಟರಿನಲ್ಲಿ ಚೀಲ ತುಂಬಿ ಕೊಟ್ಟವರೂ ಒಂದು ಮಾತು ಹೇಳಲಿಲ್ಲ.

ಅವತ್ತು ರಾತ್ರಿ ನಾದಿನಿ ತನ್ನ ಕೆಲಸದ ಬಗ್ಗೆ ಹೇಳುತ್ತಾ ಹೋದಳು. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಇದ್ದವರಿಗೆ ಅದೇ ಬೇಕು. ಇಲ್ಲದವರಿಗೆ? ಅದಕ್ಕೆ ಯಾರ ಕೋಶ ಎಂಬ ವ್ಯತ್ಯಾಸ ಗೊತ್ತಿಲ್ಲ. ಈ ಔಷಧಿಗಳ ಮೂಲ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಮಸ್ಟರ್ಡ್ ಗ್ಯಾಸ್‌ನ ಹತ್ತಿರದ ಸಂಬಂಧಿಯೊಂದನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಒಬ್ಬ ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡಿದರು. ಈಗಲೂ ಬಳಕೆಯಲ್ಲಿರುವ ಸೈಕ್ಲೋಫಾಸ್ಫಮೈಡ್ ಅದೇ ವಂಶದ್ದು.

ಇಂಥ ಔಷಧಿ ಪುಟ್ಟ ಗಾಜಿನ ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ಸೂಜಿ ಚುಚ್ಚಿ ನೀರು ಬಿಟ್ಟಾಗ ಒಳಗೆ ಒತ್ತಡ ಹೆಚ್ಚುತ್ತದೆ. ಸೂಜಿ ಹೊರಗೆಳೆಯುವಾಗ ಸಣ್ಣ ತುಂತುರು ಹಾರುತ್ತದೆ. ಕುಕ್ಕರಿನ ವೆಯ್ಟ್ ಎತ್ತಿದಾಗ ಆವಿ ಚಿಮ್ಮುವುದಿಲ್ಲವೇ, ಹಾಗೆ. ಕುಕ್ಕರಿನ ಆವಿ ಕಾಣುತ್ತದೆ, ಇದು ಕಾಣುವುದಿಲ್ಲ. ಕೈಗೆ, ಮೇಜಿಗೆ, ಉಸಿರಿಗೆ ಸೇರುತ್ತದೆ. ಅದೇ ಕೈಯಲ್ಲಿ ಡಬ್ಬಿ ಬಿಚ್ಚಿ ತಿಂಡಿ ತಿಂದರೆ ಹೊಟ್ಟೆಗೂ ಹೋಯಿತು. ಹೊಸ ಬಾಟಲಿಯ ಹೊರಮೈಗೇ ಔಷಧಿ ಅಂಟಿರುವುದುಂಟು.

ಇದು ಬರೀ ಹೆದರಿಕೆಯ ಮಾತಲ್ಲ. 1979ರಲ್ಲೇ ಫಿನ್ಲೆಂಡಿನ ಸಂಶೋಧಕರು ಈ ಔಷಧಿ ಮುಟ್ಟುವ ನರ್ಸ್‌ಗಳ ಮೂತ್ರದಲ್ಲಿ ವಂಶವಾಹಿಗೆ ಹಾನಿ ಮಾಡಬಲ್ಲ ಅಂಶವನ್ನು ಕಂಡರು. 1985ರಲ್ಲಿ ಅದೇ ದೇಶದ 17 ಆಸ್ಪತ್ರೆಗಳ ನರ್ಸ್‌ಗಳ ಅಧ್ಯಯನ ಬಂತು. ಗರ್ಭ ನಿಲ್ಲದ ನರ್ಸ್‌ಗಳನ್ನೂ ಮಗು ಹೆತ್ತವರನ್ನೂ ಹೋಲಿಸಿದಾಗ, ಮೊದಲ ಮೂರು ತಿಂಗಳಲ್ಲಿ ಈ ಔಷಧಿ ಮುಟ್ಟಿದವರಲ್ಲಿ ಗರ್ಭ ಕಳೆದುಕೊಳ್ಳುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಿತ್ತು.

ಇಲ್ಲಿ ನಾದಿನಿ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಹೇಳಿದಳು. ಅವಳಿಗೆ ಎರಡು ತಿಂಗಳಾದಾಗ ವಾರ್ಡ್ ಬದಲಿಸಿಕೊಡಿ ಎಂದು ಕೇಳಿದ್ದಳಂತೆ. "ನಮ್ಮ ಕಾಲದಲ್ಲಿ ನಾವೆಲ್ಲಾ ಮಾಡಿಲ್ವಾ? ನಮಗೆ ಮಕ್ಕಳಾಗಿಲ್ವಾ?" ಎಂದರಂತೆ ಮೇಲಿನವರು. ಮನೆಯಲ್ಲಿ ಅತ್ತೆ ಸೊಸೆಗೆ ಹೇಳುವ ಮಾತು ಆಸ್ಪತ್ರೆಯಲ್ಲೂ! ಮೂರು ಸಲ ಅರ್ಜಿ ಕೊಟ್ಟ ಮೇಲೆ ಹೊರರೋಗಿ ವಿಭಾಗಕ್ಕೆ ಹಾಕಿದರಂತೆ. ಅಷ್ಟು ದಿನ ಅವಳು ನಿದ್ದೆ ಮಾಡಲಿಲ್ಲ, ನಮ್ಮಲ್ಲಿ ಯಾರಿಗೂ ಹೇಳಲೂ ಇಲ್ಲ. ಮಗು ಚೆನ್ನಾಗಿ ಹುಟ್ಟಿತು. ಆದರೂ ಇಂಥದ್ದನ್ನು ಬೇಡಿ ಪಡೆಯಬೇಕೇ?

ದಾರಿ ಇಲ್ಲದೇ ಇಲ್ಲ. ಗಾಳಿಯನ್ನು ಒಳಗೆಳೆದು ಸೋಸುವ ಸೇಫ್ಟಿ ಕ್ಯಾಬಿನೆಟ್‌ನೊಳಗೆ ಔಷಧಿ ಕಲಸಬೇಕು. ಎರಡು ಜೊತೆ ಗ್ಲೌಸ್, ಉದ್ದ ತೋಳಿನ ಗೌನ್ ಬೇಕು. ಸಾಮಾನ್ಯ ಸರ್ಜಿಕಲ್ ಮಾಸ್ಕ್ ಈ ತುಂತುರನ್ನು ತಡೆಯುವುದಿಲ್ಲ. ಸ್ಯಾನಿಟೈಸರ್ ಹಚ್ಚಿದರೆ ಔಷಧಿ ನಾಶವಾಗುವುದಿಲ್ಲ, ಸೋಪು ನೀರಲ್ಲಿ ತೊಳೆದೇ ಹೋಗಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2004ರಲ್ಲೇ ಇದನ್ನೆಲ್ಲಾ ಬರೆದು ಎಚ್ಚರಿಸಿದೆ. ನಿಮ್ಮ ಮನೆಯ ಹುಡುಗಿ ನರ್ಸಿಂಗ್ ಓದುತ್ತಿದ್ದರೆ, ಕೆಲಸಕ್ಕೆ ಸೇರುವಾಗ ಸಂಬಳದ ಜೊತೆ ಇದನ್ನೂ ಕೇಳಲು ಹೇಳಿ.

ಇನ್ನು ನಮ್ಮ ಮನೆಯ ವಿಷಯ. ಮನೆಯಲ್ಲಿ ನಾವೇ ನರ್ಸ್ ಅಲ್ಲವೇ, ಯೂನಿಫಾರಂ ಇಲ್ಲ ಅಷ್ಟೆ. ಕೀಮೋ ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸ್ಟ್ರಿಪ್‌ನಿಂದ ನೇರವಾಗಿ ಒಂದು ಪುಟ್ಟ ಬಟ್ಟಲಿಗೆ ಬೀಳಿಸಿ, ರೋಗಿಯೇ ಎತ್ತಿ ನುಂಗಲಿ. ಆ ಬಟ್ಟಲು ಬೇರೆ ಕೆಲಸಕ್ಕೆ ಬೇಡ. ಮುರಿಯುವುದು, ಕುಟ್ಟುವುದು, ಕ್ಯಾಪ್ಸೂಲ್ ಬಿಚ್ಚುವುದು ಬೇಡವೇ ಬೇಡ. ನುಂಗಲು ಆಗದಿದ್ದರೆ ಡಾಕ್ಟರರಿಗೆ ಹೇಳಿ, ಅವರು ದಾರಿ ತೋರಿಸುತ್ತಾರೆ.

ಕೀಮೋ ಇಂಜೆಕ್ಷನ್ ಆಗಿ ಬಂದ ಮೇಲೆ ಕನಿಷ್ಠ 48 ಗಂಟೆ ರೋಗಿಯ ಮಲಮೂತ್ರ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಮಾತ್ರೆಯಾದರೆ ನುಂಗುವಷ್ಟು ದಿನವೂ ಜಾಗ್ರತೆ ಬೇಕು. ಕಮೋಡ್ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ. ಗಲೀಜಾದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಎರಡು ಸಲ ಒಗೆಯಿರಿ. ನಾಚಿಕೆಯಿಂದಲೇ ಹೇಳುತ್ತೇನೆ, ಮಾವನವರು ವಾಂತಿ ಮಾಡಿಕೊಂಡ ಹೊದಿಕೆಯನ್ನು ನಾನು ಮನೆಕೆಲಸದವಳಿಗೆ ಹಾಕಿದ್ದೆ. ಅವಳು ಬರಿಗೈಯಲ್ಲೇ ಉಜ್ಜಿದಳು. ಅವಳು ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ. ಈಗ ಗ್ಲೌಸ್ ಹಾಕಿಕೊಂಡು ಆ ಬಟ್ಟೆ ನಾನೇ ಒಗೆಯುತ್ತೇನೆ.

ಹಾಗಂತ ರೋಗಿಯನ್ನು ದೂರ ಕೂರಿಸಬೇಡಿ. ಇದು ಅಂಟುರೋಗವಲ್ಲ. ಪಕ್ಕ ಕೂತು ಊಟ ಮಾಡಿ, ಕೈ ಹಿಡಿಯಿರಿ, ಮೊಮ್ಮಕ್ಕಳು ತೊಡೆ ಮೇಲೆ ಕೂರಲಿ. ಏನೂ ಆಗದು.

ನಮ್ಮ ಮನೆಯಲ್ಲಿ ಕ್ಯಾನ್ಸರ್ ಇಲ್ಲವಲ್ಲ ಎಂದು ಪುಟ ತಿರುಗಿಸುವ ಮೊದಲು ಅಜ್ಜಿಯ ಮಾತ್ರೆ ಡಬ್ಬಿ ನೋಡಿ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಕೂಡ ಕೀಮೋ ಔಷಧಿಯೇ. ಸಂಧಿವಾತಕ್ಕಾದರೆ ಅದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ತಾತನ ಪ್ರಾಸ್ಟೇಟ್ ತೊಂದರೆಗೆ ಕೊಡುವ ಫಿನಾಸ್ಟರೈಡ್ ಮಾತ್ರೆ ಮುರಿದಿದ್ದರೆ, ಡ್ಯುಟಾಸ್ಟರೈಡ್ ಕ್ಯಾಪ್ಸೂಲ್ ಸೋರುತ್ತಿದ್ದರೆ ಬಸುರಿ ಸೊಸೆ ಅದನ್ನು ಮುಟ್ಟಬಾರದು. ಚರ್ಮದ ಮೂಲಕ ಒಳಗೆ ಹೋದರೆ ಗಂಡು ಶಿಶುವಿನ ಜನನಾಂಗದ ಬೆಳವಣಿಗೆಗೆ ತೊಂದರೆ. ಬಸುರಿಯರು ಕೀಮೋ ಮಾತ್ರೆಯ ಹತ್ತಿರವೂ ಹೋಗಬೇಡಿ, ಹಾಲೂಡಿಸುವವರೂ ಅಷ್ಟೇ.

ಮಾವನವರು ಈಗ ಒಂದೊಂದೇ ಮಾತ್ರೆಯನ್ನು ಲೋಟ ತುಂಬಾ ನೀರಿನೊಂದಿಗೆ ತಾವೇ ನುಂಗುತ್ತಾರೆ. ಡಾಕ್ಟರರು ಮಧ್ಯೆ ಡೋಸ್ ಕಡಿಮೆ ಮಾಡಿದ್ದರಿಂದ ಎಂಟು ಮಾತ್ರೆ ಉಳಿದಿವೆ. ಕಸದ ಬುಟ್ಟಿಗೂ ಹಾಕುವ ಹಾಗಿಲ್ಲ, ಟಾಯ್ಲೆಟ್ಟಿಗೂ ಹಾಕುವ ಹಾಗಿಲ್ಲ. ಆಸ್ಪತ್ರೆಗಳಲ್ಲಿ ಇಂಥ ಔಷಧಿ ಅವಧಿ ಮುಗಿದರೆ ಕಂಪನಿಗೆ ವಾಪಸ್ ಕೊಡಬೇಕು, 1200 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಸುಡಬೇಕು ಎಂದು ನಮ್ಮ ದೇಶದ 2016ರ ನಿಯಮವೇ ಇದೆ. ನಮ್ಮ ಎಂಟು ಮಾತ್ರೆ ಕವರಿನಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ಬೀರುವಿನ ಮೇಲಿದೆ. ಮುಂದಿನ ಸಲ ಚೆಕಪ್‌ಗೆ ಹೋಗುವಾಗ ಕೌಂಟರಿನಲ್ಲಿ ಕೊಟ್ಟು ಬರುವುದು.