‘ಕ್ಯೂ’ ಅಕ್ಷರವೂ ನಮ್ಮ ಹಕ್ಕು–ಬಾಕಿಗಳೂ

ಬೇಸಿಗೆಯ ರಜೆ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನಮ್ಮ ಸಮಾಜದ ಮನೆಗಳಲ್ಲಿಯೂ ಮಕ್ಕಳು ಸ್ಕ್ರ್ಯಾಬಲ್ ಎಂಬ ಇಂಗ್ಲಿಷ್ ಪದಕ್ರೀಡೆಯಲ್ಲಿ ತೊಡಗಿರುವುದುಂಟು. ಇಂಗ್ಲಿಷಿನ ಸೆಳೆತದಲ್ಲಿ ಮನೆಮಾತು ಮರೆತುಹೋದೀತೆಂದು ಹಿರಿಯರು ಕಳವಳಪಡುತ್ತಾರೆ. ಆ ಕಳವಳ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಅದೇ ಆಟದ ಒಂದು ಅಕ್ಷರದ ಜಾಡು ಹಿಡಿದು ಹೊರಟರೆ ದಾರಿಯು ಕನ್ನಡದ ಅಂಗಳಕ್ಕೇ ಬಂದು ಸೇರುತ್ತದೆಂಬುದನ್ನು ಇಲ್ಲಿ ನಿವೇದಿಸಬಯಸುತ್ತೇವೆ. ಆ ಅಕ್ಷರವೇ ‘ಕ್ಯೂ’.

ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ ಎಂಬವರು 1930ರ ದಶಕದಲ್ಲಿ ಈ ಆಟವನ್ನು ರೂಪಿಸಿದರು; 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರಾಯಿತು. ವೃತ್ತಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಅವರು ಅಕ್ಷರಗಳಿಗೆ ಬೆಲೆ ಕಟ್ಟಿದರು. 100 ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ. ಅದರ ಬೆಲೆ 10 ಅಂಕ. ಇಂಗ್ಲಿಷಿನಲ್ಲಿ ಕ್ಯೂ ಬಂದೆಡೆ ಸಾಮಾನ್ಯವಾಗಿ ‘ಯು’ ಹಿಂಬಾಲಿಸುತ್ತದೆ. ಯು ದೊರೆಯದೆ ಕ್ಯೂ ಕೈಯಲ್ಲಿಯೇ ಉಳಿದರೆ ಆಟದ ಕೊನೆಗೆ ಆ 10 ಅಂಕಗಳನ್ನು ಗಳಿಕೆಯಿಂದ ಕಳೆಯುತ್ತಾರೆ. ಆದುದರಿಂದಲೇ ನುರಿತ ಆಟಗಾರರು ಯು ಬೇಡದ ಕ್ಯೂ ಪದಗಳನ್ನು ಕಂಠಪಾಠ ಮಾಡಿರುತ್ತಾರೆ.

ಆ ಪದಗಳನ್ನು ನೋಡಿದರೆ ಅಚ್ಚರಿಯಾಗುತ್ತದೆ. ಪ್ರಾಣಶಕ್ತಿಯನ್ನು ಸೂಚಿಸುವ, ಎರಡೇ ಅಕ್ಷರಗಳ ‘ಚೀ’ ಚೀನೀ ಭಾಷೆಯದು. ‘ಫಕೀರ್’, ನ್ಯಾಯಾಧಿಕಾರಿ ಎಂಬರ್ಥದ ‘ಕಾದಿ’, ನೆಲದಡಿಯ ಕಾಲುವೆಯಾದ ‘ಕನಾತ್’ ಇವು ಅರಬ್ಬಿಯವು. ಅರಬ್ಬಿಯಲ್ಲಿ ನಮ್ಮ ಕಕಾರದಂಥದೊಂದು, ಗಂಟಲಿನ ಆಳದಿಂದ ಹೊರಡುವ ‘ಕಾಫ್’ ಎಂಬುದು ಮತ್ತೊಂದು. ಆಳದ ಧ್ವನಿಯನ್ನು ಬೇರೆಯಾಗಿ ತೋರಿಸಲು ರೋಮನ್ ಲಿಪಿಯಲ್ಲಿ ಕ್ಯೂ ಬಳಸುವ ರೂಢಿಯುಂಟು.

ಅದೇ ಧ್ವನಿ ಹೊತ್ತ ಪದಗಳು ಫಾರಸಿ ಆಡಳಿತ ಭಾಷೆಯ ಮೂಲಕ ಶತಮಾನಗಳ ಹಿಂದೆಯೇ ಕನ್ನಡಕ್ಕೂ ಬಂದವು. ಹಕ್ಕು, ಬಾಕಿ, ಕರಾರು, ಕಾಯಿದೆ, ಫರಕು, ಇಲಾಖೆ, ತಾಲ್ಲೂಕು ಇವೆಲ್ಲವುಗಳ ಮೂಲದಲ್ಲಿ ಇರುವುದು ಆ ಕಾಫ್ ಅಕ್ಷರವೇ. ಕೆಂಗೇರಿಯ ರೈತನು ತನ್ನ ಜಮೀನಿನ ಅರ್ಜಿಯಲ್ಲಿ ತಾಲ್ಲೂಕಿನ ಹೆಸರು ಬರೆಯುವಾಗ ಪರಭಾಷೆಯನ್ನು ಬರೆಯುತ್ತಿದ್ದೇನೆಂದು ಎಣಿಸುವನೇ? ‘ಹಕ್’ ಎಂಬುದಕ್ಕೆ ಕೊನೆಯಲ್ಲಿ ಉಕಾರ ಸೇರಿಸಿ ‘ಹಕ್ಕು’ ಎಂದು ಕನ್ನಡ ಅದನ್ನು ತನ್ನದಾಗಿಸಿಕೊಂಡಿತು. ಇನ್ನು ಕನಾತ್ ಪದ ನಮ್ಮ ಆಡುಮಾತಿಗೆ ಬರದಿದ್ದರೂ ಆ ವಸ್ತು ನಮ್ಮ ನಾಡಿನಲ್ಲಿದೆ. ಬೀದರಿನ ನೌಬಾದ್ ಬಳಿ 15ನೆಯ ಶತಮಾನದ ಬಹಮನಿ ಅರಸರ ಕಾಲದ ಇಂಥ ಸುರಂಗ ಕಾಲುವೆಯುಂಟು. ಕರೇಜ್ ಎಂದು ಅದಕ್ಕೆ ಹೆಸರು. ಅಲ್ಲಲ್ಲಿ ಬಾವಿಯಂತೆ ಕಂಡಿಗಳನ್ನು ತೋಡಿ, ತಳದಲ್ಲಿ ಇಳಿಜಾರಾಗಿ ನೀರನ್ನು ಹರಿಸಿದ ಜಾಣ್ಮೆ ಅದು. ಬಸವಕಲ್ಯಾಣದ ಯಾತ್ರೆಗೆ ಹೋದವರು ಅದನ್ನೂ ಮಕ್ಕಳಿಗೆ ತೋರಿಸಬಹುದು.

ಹೀಗೆ ಬಂದವುಗಳಂತೆ ನಾವು ಕಳೆದುಕೊಂಡವೂ ಇವೆ. ಕ್ಯೂ ವಿರಳವಾದರೂ ಇಂಗ್ಲಿಷಿನಲ್ಲಿ ಉಳಿಯಿತು. ನಮ್ಮ ಱ, ೞ ಎಂಬ ಅಕ್ಷರಗಳು ಬಳಕೆ ತಪ್ಪಿದವು. ಶರಣರ 12ನೆಯ ಶತಮಾನಕ್ಕಾಗಲೇ ೞಕಾರ ಮರೆಯಾಗುತ್ತಿತ್ತು. ಬಾೞ್ ಎಂಬುದು ಬಾಳಾಯಿತು, ಅಱಿವು ಅರಿವಾಯಿತು. ವಚನಗಳನ್ನು ನಿತ್ಯ ಪಠಿಸುವ ನಮ್ಮ ಮನೆಗಳ ಎಷ್ಟು ಮಕ್ಕಳಿಗೆ ಈ ಅಕ್ಷರಗಳ ಗುರುತಿದೆ?

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೇ: ಆಟದ ಹಲಗೆಯನ್ನು ಎತ್ತಿಡಿಸಬೇಡಿರಿ, ನೀವೂ ಜೊತೆಗೆ ಕುಳಿತುಕೊಳ್ಳಿರಿ. ಮಗು ಕ್ಯೂ ಇರುವ ಪದವೊಂದನ್ನು ಜೋಡಿಸಿದಾಗ ಅದು ಯಾವ ನಾಡಿನದೆಂದು ಕೇಳಿರಿ. ಅದರ ಬಂಧು ಕನ್ನಡದಲ್ಲಿದೆಯೇ ಎಂದು ಮನೆಯ ನಿಘಂಟನ್ನು ತೆರೆದು ಒಟ್ಟಿಗೆ ಹುಡುಕಿರಿ. ಹತ್ತು ಅಂಕ ಆಟದೊಂದಿಗೆ ಮುಗಿದುಹೋಗುತ್ತದೆ. ಹಾಗೆ ಹುಡುಕಿ ತಿಳಿದ ಅರಿವು ಮಗುವಿನ ಬಾಳಿಗೆ ಬುತ್ತಿಯಾಗುತ್ತದೆ.