ಘಟ್ಟ ಹತ್ತಿದ ಸ್ಪ್ರಿಂಟರ್

2009ರ ಜುಲೈ. ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ಬೆಸಾನ್‌ಸೋ ಊರು ಮುಟ್ಟಿದ ದಿನ, ಕೊನೆಯ ನುಗ್ಗಾಟದಲ್ಲಿ ಮಾರ್ಕ್ ಕ್ಯಾವೆಂಡಿಶ್ ಪಕ್ಕಕ್ಕೆ ವಾಲಿದ. ನಾರ್ವೆಯ ಥೋರ್ ಹುಶೋವ್ಡ್‌ನಿಗೆ ಬೇಲಿ ಬಿಟ್ಟರೆ ಜಾಗ ಉಳಿಯಲಿಲ್ಲ. ದೂರು ಹೋಯಿತು, ತೀರ್ಪುಗಾರರು ಕ್ಯಾವೆಂಡಿಶ್‌ನ ಅಂಕ ಕಿತ್ತರು. ಅಂಕಗಳಲ್ಲಿ ಮುಂದಿರುವವನು ತೊಡುವ ಹಸಿರು ಜೆರ್ಸಿ ಹುಶೋವ್ಡ್‌ನಲ್ಲೇ ಉಳಿಯಿತು. ಅದಕ್ಕೆ ಕಲೆ ಅಂಟಿದೆಯೆಂದು ಎದುರಾಳಿ ಸಿಡುಕಿದ.

ಆ ಮಾತು ಹುಶೋವ್ಡ್‌ನನ್ನು ಚುಚ್ಚಿತು. ನಾಲ್ಕು ದಿನ ಕಳೆದು ಓಟ ಆಲ್ಪ್ಸ್ ಏರಿದಾಗ, ಸ್ಪ್ರಿಂಟರುಗಳೆಲ್ಲ ಹಿಂದಿನ ಗುಂಪಿನಲ್ಲಿ ಹೇಗೋ ದಿನ ನೂಕುವ ಹಾದಿಯಲ್ಲಿ, ಹುಶೋವ್ಡ್ ಒಂಟಿಯಾಗಿ ಮುಂದೆ ನುಗ್ಗಿದ. ಘಟ್ಟದ ಮೇಲೆ ಘಟ್ಟ ದಾಟಿ, ದಾರಿಯ ನಡುವಿನ ಎರಡು ಸ್ಪ್ರಿಂಟ್‌ಗಳ ಅಂಕ ಬಾಚಿಕೊಂಡ. ಪ್ಯಾರಿಸ್‌ನಲ್ಲಿ ಹಸಿರು ಜೆರ್ಸಿ ಅವನದೇ ಆಯಿತು. ಆದರೂ ಅದನ್ನು ಹಟದ ಫಲವೆಂದರೇ ಹೊರತು, ಅವನೊಳಗೆ ಬೇರೊಬ್ಬ ಸವಾರನಿದ್ದಾನೆಂದು ಯಾರೂ ಎಣಿಸಲಿಲ್ಲ.

ಸುಳಿವು ಹಳೆಯದೇ ಇತ್ತು. ಗ್ರಿಮ್‌ಸ್ಟಾಡ್‌ನ ಈ ಹುಡುಗ 1998ರಲ್ಲಿ 23 ವರ್ಷದೊಳಗಿನವರ ವಿಶ್ವ ಟೈಮ್ ಟ್ರಯಲ್ ಗೆದ್ದಿದ್ದ. ಯಾರ ಬೆನ್ನ ಮರೆಯೂ ಇಲ್ಲದೆ, ಗಡಿಯಾರದ ವಿರುದ್ಧ ಒಬ್ಬನೇ ತುಳಿಯುವ ಓಟವದು. ಆದರೆ ವೃತ್ತಿಪರನಾದ ಮೇಲೆ ಅವನ ಬಲವಾದ ತೊಡೆಗಳೇ ಎಲ್ಲರ ಕಣ್ಣಿಗೆ ಬಿದ್ದವು. ಕೊನೆಯ 200 ಮೀಟರಿನ ಆಳೆಂಬ ಹೆಸರು ಅಂಟಿತು. 2006ರ ಟೂರ್‌ನಲ್ಲಿ, ಸ್ಟ್ರಾಸ್‌ಬರ್ಗ್‌ನ ಸ್ಪ್ರಿಂಟಿನಲ್ಲಿ ಪ್ರೇಕ್ಷಕರು ಬೀಸುತ್ತಿದ್ದ ರಟ್ಟಿನ ಹಸ್ತ ತೋಳು ಸೀಳಿ ರಕ್ತ ಸುರಿಯಿತು. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿಯೂ ಅದೇ ದಿನ ಕೈತಪ್ಪಿತು. ಮರುದಿನವೇ ಅದನ್ನು ಮರಳಿ ಗೆದ್ದ.

2010ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಸಿಕ್ಕಿತು. ಮುಂದಿನ ಟೂರ್‌ನಲ್ಲಿ ಒಂದು ವಾರ ಹಳದಿ ಜೆರ್ಸಿ ತೊಟ್ಟ. ಸೂಪರ್-ಬೆಸ್‌ನ ಏರಿನಲ್ಲಿ ಅದು ಹೋದೀತೆಂದೇ ಎಲ್ಲರ ಲೆಕ್ಕ. ಒಂದೇ ಒಂದು ಸೆಕೆಂಡಿನಲ್ಲಿ ಉಳಿಸಿಕೊಂಡ.

2011ರ ಜುಲೈ 15. ಪೋ ಊರಿನಿಂದ ಲೂರ್ದ್‌ಗೆ 152.5 ಕಿ.ಮೀ., ನಡುವೆ ಪಿರೆನೀಸ್‌ನ ಒಬಿಸ್ಕ್ ಘಟ್ಟ, 1,709 ಮೀಟರ್ ಎತ್ತರ. ವಿಶ್ವ ಚಾಂಪಿಯನ್ನನ ಮಳೆಬಿಲ್ಲ ಪಟ್ಟಿಯ ಜೆರ್ಸಿಯಲ್ಲಿ, 80 ಕೆ.ಜಿ. ಮೀರಿದ ಮೈಯನ್ನು ಹೊತ್ತು, ಹುಶೋವ್ಡ್ ಘಟ್ಟದ ಬುಡದಲ್ಲೇ ಮುಂದಿನ ಗುಂಪಿನ ಜೊತೆಗಾರರನ್ನು ಬಿಟ್ಟು ಹೊರಟ. ಫ್ರಾನ್ಸಿನ ಜೆರೆಮಿ ರುವಾ ಅವನನ್ನು ದಾಟಿದ, ದವೀದ್ ಮೊಂಕೂತಿಯೆ ಕೂಡ ದಾಟಿದ. ಹುಶೋವ್ಡ್ ಬೆನ್ನಟ್ಟಲಿಲ್ಲ, ತನ್ನದೇ ಲಯದಲ್ಲಿ ತುಳಿದ. ನೆತ್ತಿ ಮುಟ್ಟಿದಾಗ ರುವಾ ಸುಮಾರು ಎರಡು ನಿಮಿಷ ಮುಂದಿದ್ದ. ಲೂರ್ದ್‌ಗೆ ಇನ್ನೂ 40 ಕಿ.ಮೀ. ಮೇಲಿತ್ತು.

ಇಳಿಜಾರಿನಲ್ಲಿ ಅವನು ಕಲ್ಲುಗುಂಡಿನಂತೆ ಉರುಳಿಬಂದ. ಮೊದಲು ಮೊಂಕೂತಿಯೆ ಸಿಕ್ಕ. ಕೊನೆಯ ಕೆಲವೇ ಕಿಲೋಮೀಟರುಗಳಿರುವಾಗ, ದಿನವಿಡೀ ದಣಿದ ರುವಾ ಕೂಡ ಸಿಕ್ಕ. ಹುಶೋವ್ಡ್ ಮೊಂಕೂತಿಯೆಗಿಂತ 10 ಸೆಕೆಂಡ್ ಮುಂಚೆ ಗೆರೆ ದಾಟಿದ. ನಾಲ್ಕು ದಿನದ ಮೇಲೆ ಗ್ಯಾಪ್ ಊರಿನಲ್ಲಿ ಮತ್ತೆ ಗೆದ್ದ.

ಪವಾಡಕ್ಕೆ ಹೆಸರಾದ ಲೂರ್ದ್‌ನಲ್ಲಿ ನಡೆದದ್ದು ಪವಾಡವಲ್ಲ. ಏರಿನಲ್ಲಿ ತೂಕ ಹಿಂದಕ್ಕೆಳೆಯುತ್ತದೆ. ಇಳಿಯುವಾಗ ಅದೇ ತೂಕದ ಮೇಲೆ ಗುರುತ್ವದ ಎಳೆತ ಹೆಚ್ಚು. ಗಾಳಿಯ ತಡೆ ಮಾತ್ರ ತೂಕದಷ್ಟೇ ವೇಗವಾಗಿ ಬೆಳೆಯುವುದಿಲ್ಲ. ಹಾಗಾಗಿ ಭಾರಿ ಆಳು ಬೇಗ ಇಳಿಯುತ್ತಾನೆ. ಬಯಲಿಗೆ ಬಂದ ಮೇಲೆ ಒಟ್ಟು ಶಕ್ತಿಯೇ ಮುಖ್ಯ, ಮತ್ತು ಅದು ಟೈಮ್ ಟ್ರಯಲ್ ಗೆದ್ದ ಹುಡುಗನಲ್ಲಿ 1998ರಿಂದಲೂ ಇತ್ತು.